ಐದು ಚುಕ್ಕಿಯ ಗಾಡಿ

ಖಾನಾಪುರ
ಶುಕ್ರವಾರ, ೧೪ ನವೆಂಬರ್ ೨೦೨೫

ಮಗಳು ಸಮೃದ್ಧಿಗೆ ಸಿಟ್ಟಿನ ಅಪ್ಪನ ಆಶೀರ್ವಾದ.

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ಕಾಗದ ಬರೆಯಲು ಕೂತಿದ್ದಾನೆ ಎಂದರೆ ಬೇರೆ ದಾರಿ ಉಳಿದಿಲ್ಲ ಎಂದು ತಿಳಿ. ಗಂಡ ಹೆಂಡತಿ ಇಬ್ಬರೂ ನನ್ನ ನಂಬರು ಬ್ಲಾಕ್ ಮಾಡಿದ್ದೀರಿ. ಇರಲಿ. ಕಾಗದಕ್ಕೆ ದನಿ ಇಲ್ಲ, ಪೂರ್ತಿ ಓದು. ಬಾಜು ಮನೆಯ ನಾಗಲಿಂಗ ನಾಳೆ ಬೆಳಿಗ್ಗೆ ಬಸ್ಸಿಗೆ ಬೆಳಗಾವಿಗೆ ಹೋಗುತ್ತಾನೆ, ಸದಾಶಿವನಗರದ ನಿಮ್ಮ ಮನೆಗೇ ತಂದು ಕೊಡುತ್ತಾನೆ.

ಇರುವುದು ಒಂದೇ ಮಾತು. ನಾಳೆ ಆ ಹೊಸ ಕಾರಿನಲ್ಲಿ ಚೋರ್ಲಾ ಘಟ್ಟ ಇಳಿಯಬೇಡಿ. ಮೊಮ್ಮಗಳು ಪೂರ್ವಾಳಿಗೆ ಸಮುದ್ರ ತೋರಿಸಲೇಬೇಕೆಂದರೆ ಬಸ್ಸಿನಲ್ಲಿ ಹೋಗಿರಿ. ಆ ಕೂಸಿಗೆ ಬಸ್ಸೂ ಒಂದೇ, ಕಾರೂ ಒಂದೇ.

ರವಿವಾರ ನೀವು ಗಾಡಿ ತಂದಾಗ ನಾನು ಮುಖ ಗಂಟು ಹಾಕಿರಲಿಲ್ಲ, ಅಷ್ಟು ನೀನು ಒಪ್ಪಬೇಕು. ನಿನ್ನವ್ವ ಸಂಗವ್ವ ಆರತಿ ಮಾಡಿದಳು. ಸೊಸೆ ಬಲಗಾಲಿಟ್ಟು ಮನೆ ತುಂಬುವ ಹಾಗೆ ಗಾಡಿಗೂ ಬಲಗಡೆಯ ಗಾಲಿಗೇ ಮೊದಲ ಮರ್ಯಾದೆ, ಇದು ನಮ್ಮ ಮನೆಯ ರೂಢಿ. ನನ್ನ ಟೆಂಪೋಕ್ಕೂ ಹಾಗೇ ಮಾಡಿದ್ದೆ. ಒಂದು ಬಟ್ಟಲು ಶೇಂಗಾ ಎಣ್ಣೆಯನ್ನು ಬಲಗಡೆಯ ಮುಂದಿನ ಗಾಲಿಗೆ ನಾನೇ ಕೈಬಿಚ್ಚಿ ಎರೆದೆ. ಆಮೇಲೆ ಎಲ್ಲರೂ ಕೂಡಿ ಹಲಸಿ ಊರಿಗೆ, ನಿನ್ನ ಸೋದರತ್ತೆಗೆ ಗಾಡಿ ತೋರಿಸಲು ಹೊರಟೆವು.

ತಿರುಗಿ ಬರುವಾಗ ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತು. ಅಳಿಯಂದಿರು ಬ್ರೇಕು ಒತ್ತಿದರು. ಗಾಡಿ ನಿಲ್ಲಲಿಲ್ಲ, ಮೂಗು ಎಡಕ್ಕೆ ತಿರುಗಿಸಿ ಹಳ್ಳದ ಕಡೆ ಎಳೆಯಿತು. ಎಮ್ಮೆಗೆ ಬುದ್ಧಿ ಇತ್ತು, ಸರಿಯಿತು. ನೀನು ಹಿಂದೆ ಕೂಸಿಗೆ ಬಿಸ್ಕೀಟು ತಿನ್ನಿಸುತ್ತಿದ್ದೆ. ಹಳ್ಳ ಕಂಡದ್ದು ನನ್ನ ಕಿಟಕಿಯಲ್ಲಿ.

“ಗಾಡಿ ಎಡಕ್ಕ ಜಗ್ಗತೈತಿ, ಮೊದಲ ತೋರಸ್ರಿ” ಎಂದೆ.

“ಹೊಸಾ ಗಾಡಿ ಮಾವಾರ, ನಾಕ್ ದಿನಾ ಓಡಿದ್ರ ಹದಕ್ಕ ಬರ್ತೈತ್ರಿ. ಗ್ರಾಹಕರ ಪುಸ್ತಕದಾಗ ಬ್ರೇಕಿಗೆ ಐದಕ್ಕ ಐದು ಚುಕ್ಕಿ ಕೊಟ್ಟಾರ” ಎಂದರು ಅಳಿಯ ಚೇತನ.

ನನ್ನ ತಲೆ ತಿರುಗಿತು. “ಹೆಣ್ಣು ನೋಡಾಕ ಬಂದಾಗ ಯಾವ ಪುಸ್ತಕಾ ಓದಿದ್ರಿ? ನನ್ನ ಮಗಳಿಗೆ ಎಷ್ಟ್ ಚುಕ್ಕಿ ಬಿದ್ದಿದ್ವು?”

“ಮಾವಗ ಎಷ್ಟಂತ ಹಾಕಿದ್ದಿಲ್ರಿ, ಅಲ್ಲೇ ಮೋಸ ಹೋದ್ನಿ” ಎಂದರು. ನೀನು ನಕ್ಕೆ. ಆ ನಗೆಗೇ ನನಗೆ ಬೆಂಕಿ ಹತ್ತಿತು. ಕೂಸನ್ನು ಹಳ್ಳಕ್ಕೆ ಹಾಕಲು ಹೊರಟಿದ್ದೀರಿ ಎಂದೆ. ಅನ್ನಬಾರದಿತ್ತು. ಅಂದೆ. ನೀವು ಚಹಾ ಕುಡಿಯದೇ ಹೋದಿರಿ.

ಆ ಗ್ರಾಹಕರ ಮಾಸಪತ್ರಿಕೆಯನ್ನು ನಾನು ಹಳಿಯುವುದಿಲ್ಲ. ಅದು ಹೇಳಿತೆಂದೇ ನಮಗೆ ಫ್ರಿಜ್ ಕೊಡಿಸಿದಿ, ಒಂದು ದಿನವೂ ಕೆಟ್ಟಿಲ್ಲ. ಆದರೆ ಫ್ರಿಜ್ ಘಟ್ಟ ಇಳಿಯುವುದಿಲ್ಲ, ಸಮೃದ್ಧಿ. ನೀವು ಬಿಟ್ಟುಹೋದ ಪುಸ್ತಕವನ್ನು ಎದುರು ಮನೆಯ ಪೂನಮಳಿಂದ ಓದಿಸಿದೆ. ಅವರು ಓಡಿಸಿ ನೋಡಿದ್ದು ಬೇರೆ ಗಾಡಿ. ಹೆಸರು ಅದೇ ಇರಬಹುದು, ನಿಮ್ಮ ಗಾಡಿ ಅಲ್ಲ. ಒಂದೇ ಆಕಳು ಹಾಕಿದ ಎರಡು ಹೋರಿ ಒಂದೇ ಸಮ ಎಳೆಯುತ್ತವೆಯೇ? ಕೊಳ್ಳುವ ತನಕ ಪುಸ್ತಕದ ಮಾತು ಕೇಳಿರಿ. ಕೊಂಡ ಮೇಲೆ ಗಾಡಿಯ ಮಾತು ಕೇಳಬೇಕು. ಶೋರೂಮಿನವರು ಕೆಟ್ಟ ಗಾಡಿ ದಾಟಿಸಿದ್ದಾರೆ, ನನಗೆ ಅನುಮಾನವೇ ಇಲ್ಲ.

ರವಿವಾರದಿಂದ ಊಟಕ್ಕೆ ಕೂತರೂ ನನ್ನ ಬಲಗಾಲು ನೆಲ ಒತ್ತುತ್ತದೆ. “ಯಾರನ್ನ ತುಳ್ಯಾಕತ್ತೀರಿ?” ಎಂದು ನಿನ್ನವ್ವ ಕೇಳಿದಳು. ಬ್ರೇಕು ಒತ್ತುತ್ತಿದ್ದೇನೆ ಎಂದು ನಾನು ಹೇಳಲಿಲ್ಲ.

ಪೂರ್ವಾಳ ಕೆನ್ನೆಗೊಂದು ಮುತ್ತು ಕೊಡು. ನನ್ನ ಹೆಸರು ಹೇಳಬೇಕಾಗಿಲ್ಲ.

ನಿನ್ನ ಅಪ್ಪ,
ಬಸಲಿಂಗಪ್ಪ

ತಾ.ಕ.: ಶನಿವಾರ ಬೆಳಿಗ್ಗೆ. ನಾಗಲಿಂಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ. ಈಗ ಪೂನಮಳ ಸ್ಕೂಟರಿನ ಗಾಲಿ ಕಿರ್ ಎನ್ನುತ್ತಿತ್ತು, ಎಣ್ಣೆ ಬಿಡಲು ಹೋದೆ. ಹುಡುಗಿ ನನ್ನ ಕೈ ಗಟ್ಟಿ ಹಿಡಿದಳು. “ಅಜ್ಜಾ, ಏನ್ ಮಾಡಾಕತ್ತಿ? ಅದು ಬ್ರೇಕಿನ ತಟ್ಟಿ. ಎಣ್ಣಿ ಬಿದ್ರ ಹಿಡಿಯೂದಿಲ್ಲ!” ನನ್ನ ಟೆಂಪೋದಲ್ಲಿ ಬ್ರೇಕು ಡಬ್ಬಿಯೊಳಗೆ ಮುಚ್ಚಿರುತ್ತಿತ್ತು. ನಿಮ್ಮ ಗಾಡಿಯಲ್ಲಿ ಗಾಲಿಯ ಸಂದಿಯೊಳಗೆ ಬಿಚ್ಚಿಕೊಂಡಿದೆ, ಎಣ್ಣೆ ಎರೆಯುವಾಗ ಹೊಳೆಯುತ್ತಿತ್ತು. ಬಲಗಡೆ ಹಿಡಿಯುವುದಿಲ್ಲ, ಎಡಗಡೆ ಹಿಡಿಯುತ್ತದೆ. ಅದಕ್ಕೇ ಎಡಕ್ಕೆ ಎಳೆದದ್ದು. ಶೋರೂಮಿನವರ ತಪ್ಪಿಲ್ಲ. ಪುಸ್ತಕದವರೂ ಸುಳ್ಳು ಬರೆದಿಲ್ಲ, ಅವರ ಗಾಡಿಗೆ ಯಾರೂ ಪೂಜೆ ಮಾಡಿರಲಿಲ್ಲ.

ಪೂನಮಳ ಫೋನಿನಿಂದ ಹಚ್ಚಿದೆ. ನನ್ನ ದನಿ ಕೇಳುತ್ತಲೇ ಅಳಿಯಂದಿರು ಇಟ್ಟರು, ಆಮೇಲೆ ಇಬ್ಬರದೂ ಸ್ವಿಚ್ ಆಫ್. ಕಾಗದ ಕೈಗೆ ಬಂದರೆ ಗಾಡಿ ಅಲ್ಲೇ ಇರಲಿ. ಅಷ್ಟರಲ್ಲಿ ನೀವು ಹೊರಟುಬಿಟ್ಟಿದ್ದರೆ ಎಂದು ನಾನು ಜಾಂಬೋಟಿಗೆ ಹೋಗುತ್ತಿದ್ದೇನೆ. ಘಟ್ಟಕ್ಕೆ ನೀವು ಅದೇ ದಾರಿಯಲ್ಲಿ ಬರಬೇಕು. ಬದಿಗೆ ನಿಂತು ಕೈ ಮಾಡಿದರೆ ಅಳಿಯಂದಿರು ನನ್ನ ಮುಖ ನೋಡಿಯೇ ನಿಲ್ಲಿಸಲಿಕ್ಕಿಲ್ಲ.

ರಸ್ತೆಯ ನಡುವೆಯೇ ನಿಲ್ಲುತ್ತೇನೆ.