ವರ್ಲಿನ್ ಅಳಿಸಿದ ಸಾಲು

ನವೆಂಬರ್ ೧೪, ಗುರುವಾರ. ರೆಸೀನ್.

ಆ ಪ್ರಶ್ನೆ ನಾನು ಕೇಳಬಾರದಿತ್ತು.

ನೆಲಮಾಳಿಗೆಯಲ್ಲಿ ಎಂದಿನಂತೆ ನಮ್ಮ ದಾಳದ ಆಟ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಹೋಗುವುದು. ಕಥೆ ನಡೆಸುವವನು ನಾನು. ವರ್ಲಿನ್‌ನದು ಧರ್ಮಯೋಧನ ಪಾತ್ರ, ಮುಟ್ಟಿದರೆ ಗಾಯ ಮಾಯುತ್ತದೆ. ಹೆಂಡತಿ ಆರ್ಡಿಸ್ ತೀರಿಕೊಂಡ ಮೇಲೆ ಅವನು ಇವತ್ತೇ ಮೊದಲು ಬಂದದ್ದು. ಪಾತ್ರದ ಹಾಳೆಯಲ್ಲಿ ದೇವರ ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದ.

"ದೇವರೇ ಇಲ್ದೆ ಶಕ್ತಿ ಎಲ್ಲಿಂದ ಬರತ್ತೋ, ಅಂಗಡಿಯಿಂದ್ಲಾ?" ಜೊತೆಗೆ ಆಡುವ ಗ್ರೆಚೆನ್ ಕಿಚಾಯಿಸಿದಳು.

"ಇಟ್ಟ ಆಣೆಯಿಂದ ಕಣೆ. ಆಟದ ಪುಸ್ತಕದಲ್ಲೇ ಇದೆ," ಎಂದ ವರ್ಲಿನ್.

ನಿಯಮದ ಹುಳು ನಾನು. "ಏನು ಆಣೆ? ಬಾಯ್ಬಿಟ್ಟು ಹೇಳು," ಎಂದೆ.

"ಸಾಯೋರ ಕೈ ಬಿಡಲ್ಲ."

ಆಸ್ಪತ್ರೆಯಲ್ಲಿ ಆರ್ಡಿಸ್‌ಗೆ ಅದೇ ಮಾತು ಕೊಟ್ಟಿದ್ದ. ಅವಳ ಜೀವ ಹೋದಾಗ ಕಾಫಿ ತರಲು ಕೆಳಗಿಳಿದಿದ್ದ.

"ಆಣೆ ಮುರಿದ್ರೆ ಶಕ್ತಿ ಹೋಗತ್ತೆ, ಅಲ್ವಾ?" ನನ್ನನ್ನೇ ಕೇಳಿದ.

ನಿಯಮ ಹಾಗೇ ಇದೆ. ಹೌದೆಂದೆ. ಎಂಥ ಕತ್ತೆ ನಾನು.

ಗಾಯ ಮಾಯಿಸುವ ಶಕ್ತಿಯ ಸಾಲನ್ನು ಹಾಳೆ ಹರಿಯುವಷ್ಟು ರಬ್ಬರಿನಿಂದ ಉಜ್ಜಿದ. ಆಟದಲ್ಲಿ ಗ್ರೆಚೆನ್‌ಳ ಪಾತ್ರ ಅವನ ಪಕ್ಕದಲ್ಲೇ ಸಾಯುತ್ತಿತ್ತು. ಅವಳು ಮೇಜಿನ ಮೇಲೆ ಕೈ ಚಾಚಿದಳು. "ಶಕ್ತಿ ಬೇಡ ಮಾರಾಯಾ. ಸುಮ್ನೆ ಕೈ ಹಿಡ್ಕೊ."

ವರ್ಲಿನ್ ಆ ಕೈಯನ್ನೇ ನೋಡಿದ. ಆಮೇಲೆ ಎದ್ದು ನಿಂತು, "ಯಾರಿಗೆ ಕಾಫಿ ಬೇಕು?" ಎಂದ.