ಸುಣ್ಣದ ಬಾಣಗಳು

ಮೇ 16, 1894. ಬೆಳಿಗ್ಗೆ

ರಾತ್ರಿಯ ಮಳೆಗೆ ನಮ್ಮ ಸರ್ಕಸ್ಸಿನ ಡೇರೆ ನೆನೆದು ಹೆಣಭಾರ. ಗೂಟ ಕೀಳುವ ಇಬ್ಬರು ಕುಡಿದು ಬಿದ್ದಿದ್ದರು. ಒದ್ದು ಎಬ್ಬಿಸಿದೆ.

ಅಳಿಯ ಆರ್ಲೊನನ್ನು ಪ್ಯಾಸೆಂಜರ್ ರೈಲಿನಲ್ಲಿ ಮುಂದಿನ ಆಟದ ಊರಾದ ಪ್ಲಮ್‌ಫರ್ಡ್‌ಗೆ ಮುಂಚಿತವಾಗಿ ಕಳಿಸಿದೆ. ಬ್ರೆಡ್ಡು, ಹುಲ್ಲು ಗೊತ್ತು ಮಾಡುವುದು. ಸ್ಟೇಷನ್ನಿನಿಂದ ಮೈದಾನದವರೆಗೆ ಗೋಡೆ, ಕಂಬಗಳ ಮೇಲೆ ಸೀಮೆಸುಣ್ಣದಲ್ಲಿ ಬಾಣ ಬರೆಯುವುದು. ಆಮೇಲೆ ತಂತಿ ಕೊಡುವುದು. ಅಷ್ಟಕ್ಕೇ ಲಾಯಕ್ಕು. ನನ್ನ ಮಗಳು ಲಾಟಿ ಇವನಲ್ಲಿ ಏನು ಕಂಡು ಮದುವೆಯಾದಳೋ...

“ಬಾಣ ನೋಡ್ಕೊಂಡು ಬನ್ನಿ ಮಾವ, ದಾರಿ ತಪ್ಪೀರಿ,” ಅಂತ ಹಲ್ಲು ಕಿರಿದ.

“ನೀನು ಸಾರಾಯಿ ಅಂಗಡಿ ಕಡೆ ತಪ್ಪಬೇಡ. ಹೋಗೋ.”

ಮೇ 17. ಸಂಜೆ

ಆರ್ಲೊನಿಂದ ತಂತಿ ಇಲ್ಲ. ಸ್ಟೇಷನ್ನಿನವನನ್ನು ಕೇಳಿ ಕೇಳಿ ಸಾಕಾಯಿತು. “ಗಾಳಿಗೆ ಎಲ್ಲೋ ಲೈನ್ ಕಡಿದಿರ್ಬೇಕು,” ಅನ್ನುತ್ತಾನೆ. ನೆಪ! ಅಳಿಯ ಇಸ್ಪೀಟಿಗೆ ಕೂತಿದ್ದಾನೆ. ನಾಳೆ ಕೆಲಸದಿಂದ ಕಿತ್ತು ಹಾಕುತ್ತೇನೆ. ಲಾಟಿ ಅತ್ತರೆ ಅಳಲಿ.

ಮೇ 18

ಊರಿಲ್ಲ.

ಬೆಳಕು ಹರಿಯುವಾಗ ನಮ್ಮ ರೈಲು ಪ್ಲಮ್‌ಫರ್ಡ್‌ನಲ್ಲಿ ನಿಂತಿತು. ಸ್ಟೇಷನ್ ಇಲ್ಲ. ಚರ್ಚ್ ಇಲ್ಲ. ಮೊನ್ನೆ ಸಂಜೆಯೇ ಸುಂಟರಗಾಳಿ ಹೊಡೆದಿದೆಯಂತೆ. ಒಂದು ಕೊಟ್ಟಿಗೆಯ ಗೋಡೆ ಮಾತ್ರ ನೆಟ್ಟಗಿದೆ — ಅದರ ಮೇಲೆ ನಮ್ಮ ಪೋಸ್ಟರಿನ ಹುಲಿ.

ಸಿಳ್ಳೆ ಕೇಳಿ ಜನ ಓಡಿ ಬಂದರು. ಪರಿಹಾರದ ರೈಲು ಅಂದುಕೊಂಡು. ಬಾಗಿಲು ತೆಗೆದರೆ ಇಳಿದದ್ದು ಒಂಟೆ.

ಒಬ್ಬ ಹೆಂಗಸು ನನ್ನ ಕಾಲರ್ ಹಿಡಿದಳು. “ಡಾಕ್ಟರ್ ಎಲ್ಲಯ್ಯಾ? ಡಾಕ್ಟರ್ ತರೋದು ಬಿಟ್ಟು ಕೋತಿ ತಂದಿದ್ದೀಯಾ?”

 

ಅಡುಗೆ ಡೇರೆ ಹಾಕಿಸಿದೆ, ಸಿಕ್ಕವರಿಗೆಲ್ಲ ಊಟ ಹಾಕಿ ಅಂದೆ. ದೊಡ್ಡ ಡೇರೆ ಗಾಯವಾದವರಿಗೆ. ಆರ್ಲೊ ಎಲ್ಲಿ ಅಂತ ಯಾರನ್ನು ಕೇಳುವುದು? ಅವರವರ ಮಕ್ಕಳನ್ನೇ ಅವರು ಹುಡುಕುತ್ತಿದ್ದಾರೆ.

ಕೋಡಂಗಿ ಪೀಟ್ ಕೂಗಿದ. “ಯಜಮಾನ್ರೇ, ಇಲ್ಲಿ ಬನ್ನಿ!”

ಮುರಿದ ಕಂಬದ ಮೇಲೆ ಬಾಣ. ಮಳೆಗೆ ಮುಕ್ಕಾಲು ಅಳಿಸಿದೆ. ಮುಂದೆ ಅರ್ಧ ಬಿದ್ದ ಒಂದು ಇಟ್ಟಿಗೆ ಗೋಡೆಯ ಮೇಲೆ ಇನ್ನೊಂದು. ಬಾಣಗಳ ಜಾಡು ಹಿಡಿದು ಹೋದೆವು. ಕುಸಿದ ಬೇಕರಿಯ ಹತ್ತಿರ, ಉಳಿದ ಮೋಟುಗೋಡೆಯ ಮೇಲೆ ಗೆರೆ ಇದೆ, ಮೊನೆ ಇಲ್ಲ. ಅರ್ಧ ಬಾಣ. ಅದರಾಚೆ ಎಲ್ಲೂ ಇಲ್ಲ.

ಆನೆ ತರಿಸಿದೆ. ಬೇಕರಿಯ ತೊಲೆಗೆ ಸರಪಳಿ ಕಟ್ಟಿದರು. ಮಾವುತ ಗಸ್ ಆನೆಯ ಕಿವಿಯ ಹತ್ತಿರ, “ನಿಧಾನ ಕಣೇ ಡಚೆಸ್... ನಿಧಾನ, ನನ್ನಮ್ಮ...”

ತೊಲೆ ಸರಿಯಿತು.

ಆರ್ಲೊನೇ. ಮೈಯೆಲ್ಲ ಹಿಟ್ಟು. ತಣ್ಣಗಿದ್ದ. ಮುಷ್ಟಿಯಲ್ಲಿ ಸೀಮೆಸುಣ್ಣ. ಬಿಡಿಸಲು ಹೋದೆ, ಆಗಲಿಲ್ಲ.

“ಇರ್ಲಿ ಬಿಡಿ ಯಜಮಾನ್ರೇ,” ಅಂದ ಪೀಟ್. “ಅವನದ್ದೇ ಅಲ್ವಾ.”

ಮೇ 19

ಲೈನ್ ಸರಿಯಾಯಿತು. ಮನೆಯಲ್ಲಿರುವ ಲಾಟಿಗೆ ತಂತಿ ಕೊಡಬೇಕು. ಹಳಿಯ ಪಕ್ಕದಲ್ಲೇ ಯಂತ್ರ ಇಟ್ಟುಕೊಂಡು ಕೂತ ತಂತಿಯವನು, “ಏನ್ ಬರ್ಕೊಳ್ಲಿ ಸಾರ್?” ಅಂತ ಕಾಯುತ್ತಿದ್ದಾನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಲಾಟಿ, ನಿನ್ನ ಗಂಡ ಹೇಳಿದ ಕೆಲಸ ಮಾಡುತ್ತಿದ್ದ. ಅವನ ಬಾಣ ಹಿಡಿದೇ ಹೋದೆ. ಅವನು...