ಎಂಬತ್ತು ದಾಟಿದರೆ ನಡುಗುವ ಸ್ಟೀರಿಂಗ್

ಮಾರ್ಚ್ ೧೧, ಮಂಗಳವಾರ, ರಾತ್ರಿ

ಸ್ಟೀರಿಂಗಿನ ನಡುಕ ಇವತ್ತು ಸಿಕ್ಕಿಬಿತ್ತು. ಎರಡು ತಿಂಗಳಿಂದ ಹೇಳುತ್ತಿದ್ದೆ, ಯಾರೂ ನಂಬಿರಲಿಲ್ಲ. ಮೆಕ್ಯಾನಿಕ್ ವೀಲ್ ಬ್ಯಾಲೆನ್ಸ್ ಮಾಡಿ, ಗ್ಯಾರೇಜಿನ ಓಣಿಯಲ್ಲೇ ಒಂದು ಸುತ್ತು ಹೊಡೆದು, ‘ಏನೂ ಇಲ್ವಲ್ಲ ಮೇಡಂ’ ಎಂದು ಕೀ ಕೊಟ್ಟುಬಿಡುತ್ತಿದ್ದ. ಅಣ್ಣನಂತೂ ಫೋನಿನಲ್ಲಿ, ‘ನಡುಗೋದು ಕಾರಲ್ಲ ಕಣೇ, ನಿನ್ನ ಕೈ’ ಎಂದು ನಕ್ಕ. ಅವತ್ತು ಎರಡೂ ಕೈ ಚಾಚಿ ದೀಪದ ಕೆಳಗೆ ನೋಡಿಕೊಂಡಿದ್ದೆ. ನಾಚಿಕೆಗೇಡು.

ಇವತ್ತು ಹಟ ಹಿಡಿದೆ. ‘ನಾನೇ ಓಡಿಸ್ತೀನಿ. ಪಕ್ಕದಲ್ಲಿ ಕೂತ್ಕೋಪ್ಪ, ಹೈವೇಗೆ ಹೋಗೋಣ.’

ಬಾಗಿಲು ತೆಗೆದವನು ಹಾಗೇ ನಿಂತ. ‘ಇದೇನ್ ಮೇಡಂ, ಬ್ಯಾಗಿಗೆ ಬೆಲ್ಟ್ ಹಾಕಿದೀರಾ?’

‘ಇಲ್ದಿದ್ರೆ ಯಾರೋ ಕೂತಿದಾರೆ ಅಂದ್ಕೊಂಡು ಕಾರು ಪೀಂ ಪೀಂ ಅಂತ ಕೂಗುತ್ತೆ.’

ಬ್ಯಾಗನ್ನು ಹಿಂದಿನ ಸೀಟಿಗೆ ಹಾಕಿ ಕೂತ. ವೇಗ ಎಂಬತ್ತು ದಾಟಿತು, ನಡುಕ ಬಂತು. ಅವನೇ ಕೈ ಚಾಚಿ ಸ್ಟೀರಿಂಗಿನ ಅಂಚು ಮುಟ್ಟಿ, ‘ಹೌದಲ್ಲ ಮೇಡಂ! ಚೆನ್ನಾಗೇ ನಡುಗ್ತಿದೆ’ ಅಂದ. ಅಳು ಬರುವಷ್ಟು ಖುಷಿಯಾಯಿತು. ಕಾರು ಕೆಟ್ಟಿದೆ ಅಂದರೆ ಯಾರಾದರೂ ಹೀಗೆ ಖುಷಿಪಡುತ್ತಾರೆಯೇ?

ಎಡಗಡೆ ಮುಂದಿನ ಚಕ್ರದ ರಿಮ್ ಬಾಗಿತ್ತಂತೆ. ಅದನ್ನು ಬಿಚ್ಚಿ ಸ್ಟೆಪ್ನಿ ಹಾಕಿಕೊಟ್ಟ. ಬರುವಾಗ ತೊಂಬತ್ತರಲ್ಲೂ ಸ್ಟೀರಿಂಗ್ ಮಿಸುಕಲಿಲ್ಲ. ಅಣ್ಣನಿಗೆ ಹೇಳಬೇಕೆಂದುಕೊಂಡೆ, ಯಾಕೋ ಫೋನ್ ಮಾಡಲಿಲ್ಲ.

ಗ್ಯಾರೇಜಿನಿಂದ ಹೊರಡುವಾಗ ಬ್ಯಾಗನ್ನು ಮತ್ತೆ ಪಕ್ಕದ ಸೀಟಿನಲ್ಲೇ ಇಟ್ಟಿದ್ದೆ. ಪಕ್ಕದವರು ಬೆಲ್ಟ್ ಹಾಕಿಲ್ಲ ಎಂದು ಕಾರು ಕೂಗತೊಡಗಿತು. ನಾನು ಹಾಕಲಿಲ್ಲ. ಮನೆ ಬರುವವರೆಗೂ ಕೂಗಲಿ ಎಂದು ಬಿಟ್ಟೆ.